ಒಂದೇ ಮೆರವಣಿಗೆ, ಮೂರು ಚಾನೆಲ್

ಡೊಂಬಿವಲಿಯ ನಮ್ಮ ಮನೆಯಲ್ಲಿ ಸಂಜೆ ಏಳರಿಂದ ಒಂಬತ್ತರವರೆಗೆ ರಿಮೋಟ್ ನನ್ನ ಸ್ವತ್ತು. ಮೂವತ್ತು ವರ್ಷ ಕರಡು ತಿದ್ದಿದವನಿಗೆ ಸುದ್ದಿ ನೋಡುವಾಗಲೂ ಕೈಗೆ ಕೆಂಪು ಪೆನ್ನು ಬೇಕೆನಿಸುತ್ತದೆ. ಈ ಸಲ ನಿಜವಾಗಿಯೇ ಹಿಡಿದೆ. ಕಾರಣ, ತಮ್ಮನ ಮಗ. ತಾನು ಸಲಿಂಗಿ ಎಂದು ಅವನು ಮನೆಯಲ್ಲಿ ಹೇಳಿ ಎರಡು ವರ್ಷವಾಯಿತು. “ದೊಡ್ಡಪ್ಪ, ಅಮ್ಮ ನನ್ನ ಮಾತಿಗಿಂತ ಟಿವಿಯವರ ಮಾತನ್ನೇ ಹೆಚ್ಚು ನಂಬುತ್ತಾಳೆ” ಎಂದಿದ್ದ. ಹಾಗಾದರೆ ಟಿವಿಯವರು ಹೇಳುವುದೇನು? ಸಲಿಂಗಿಗಳು, ಮಂಗಳಮುಖಿಯರು ತಲೆಯೆತ್ತಿ ಬೀದಿಯಲ್ಲಿ ನಡೆಯುವ ಮುಂಬೈಯ ಪ್ರೈಡ್ ಮೆರವಣಿಗೆಯ ಹಿಂದುಮುಂದಿನ ಮೂರು ವಾರ ಒಂದು ಕನ್ನಡ, ಒಂದು ಮರಾಠಿ, ಒಂದು ಇಂಗ್ಲಿಷ್ ಚಾನೆಲ್ ನೋಡಿ ಬರೆದಿಟ್ಟುಕೊಂಡೆ. ಹೆಸರು ಹೇಳುವುದಿಲ್ಲ; ಜಗಳಕ್ಕೆ ನನ್ನ ವಯಸ್ಸು ಮೀರಿದೆ.

ಇಂಗ್ಲಿಷ್ ಚಾನೆಲಿನಲ್ಲಿ ತಿದ್ದುವುದಕ್ಕೆ ಹೆಚ್ಚೇನೂ ಸಿಗಲಿಲ್ಲ. ಪದಗಳು ಸರಿ, ಕಾನೂನು ಸರಿ. ಆದರೆ ಮಾತನಾಡಿದವರೆಲ್ಲ ಬಾಂದ್ರಾದಿಂದ ಕೊಲಾಬಾದವರೆಗಿನ ಸಿರಿವಂತ ಬಡಾವಣೆಗಳವರು. ನಮ್ಮಂತೆ ಕಲ್ಯಾಣ್ ಲೋಕಲ್ ರೈಲು ಹತ್ತುವವರಲ್ಲಿ ಇಂಥ ಮಕ್ಕಳು ಹುಟ್ಟುವುದೇ ಇಲ್ಲವೇನೋ ಎನ್ನುವಂತಿತ್ತು.

ಕನ್ನಡ ಚಾನೆಲಿನ ಮೇಲೆ ನನಗೆ ಸಿಟ್ಟು ಹೆಚ್ಚು, ನಮ್ಮದು ಎಂಬ ಕಾರಣಕ್ಕೆ. ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬ ಘನವಾದ ಪದ ನಮ್ಮಲ್ಲಿದೆ. ನಿರೂಪಕ ಅದರಿಂದಲೇ ಆರಂಭಿಸಿದ. ಎರಡನೆಯ ನಿಮಿಷಕ್ಕೆ ಅದು ‘ಇಂಥವರು’ ಆಗಿತ್ತು. ಇಬ್ಬರು ಸಲಿಂಗಿ ಯುವಕರ ಸುದ್ದಿಗೆ ಸಿಗ್ನಲ್ ಬಳಿ ಚಪ್ಪಾಳೆ ತಟ್ಟುವ ಮಂಗಳಮುಖಿಯರ ಹಳೆಯ ದೃಶ್ಯ ಹಾಕಿದರು. ಎರಡೂ ಒಂದೇ ಅಲ್ಲವೆಂಬುದು ಸಂಪಾದಕರ ಮೇಜಿನಲ್ಲಿ ಯಾರಿಗೂ ಹೊಳೆಯಲಿಲ್ಲವೇ? ಅದೂ ಮಂಗಳಮುಖಿಯಾದ ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ, 2021ರಲ್ಲಿ ಪದ್ಮಶ್ರೀ ಪಡೆದ ನಾಡಿನ ಚಾನೆಲಿನಲ್ಲಿ! ಚರ್ಚೆಗೆ ಒಬ್ಬ ಜ್ಯೋತಿಷಿ, ಒಬ್ಬ ಮನೋವೈದ್ಯ, ಒಬ್ಬ ವಕೀಲ. ಸಮುದಾಯದವರೊಬ್ಬರು ಫೋನಿನಲ್ಲಿ ಸಿಕ್ಕಿದ್ದರು. ಗಡಿಯಾರ ನೋಡಿಕೊಂಡೆ, ನಲವತ್ತು ಸೆಕೆಂಡು. ಅಷ್ಟರಲ್ಲಿ ಜಾಹೀರಾತು ಬಂತು.

ಇನ್ನೊಂದು ದಿನ ‘ಸಲಿಂಗ ಮದುವೆ ಅಪರಾಧ’ ಎಂಬ ಸಾಲು ತೆರೆಯ ಕೆಳಗೆ ಓಡಿತು. ಇದು ಅಚ್ಚಿನ ತಪ್ಪಲ್ಲ, ತಿಳಿವಳಿಕೆಯ ತಪ್ಪು. ವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿದೆ. 2023ರ ಅಕ್ಟೋಬರ್ 17ರ ತೀರ್ಪು ಅಂಥ ಮದುವೆಗೆ ಕಾನೂನಿನ ಮಾನ್ಯತೆ ಕೊಡಲಿಲ್ಲ, ಅಷ್ಟೇ. ಮಾನ್ಯತೆ ಇಲ್ಲದ್ದನ್ನು ಅಪರಾಧವೆಂದು ಓದಿದ ತಾಯಿ ಆ ರಾತ್ರಿ ನಿದ್ದೆ ಮಾಡುತ್ತಾಳೆಯೇ?

ಮರಾಠಿ ವಾಹಿನಿಯಿಂದ ನಾನು ಹೆಚ್ಚು ನಿರೀಕ್ಷಿಸಿರಲಿಲ್ಲ. ಅದರ ವರದಿಗಾರ್ತಿ ಗುಂಪಿನ ಹೊರಗೆ ನಿಂತು ವರ್ಣಿಸದೆ ಒಳಗೆ ನಡೆದುಕೊಂಡು ಹೋದಳು. ‘ತೃತೀಯಪಂಥೀ’ (ನಮ್ಮ ಮಂಗಳಮುಖಿಗೆ ಮರಾಠಿಯ ಪದ) ಹೆಂಗಸೊಬ್ಬರನ್ನು ಬಾಡಿಗೆ ಕೋಣೆ ಹೇಗೆ ಸಿಕ್ಕಿತೆಂದು ಕೇಳಿದಳು. ಎರಡು ನಿಮಿಷ, ಹಿನ್ನೆಲೆ ಸಂಗೀತವಿಲ್ಲದೆ, ಅವರೇ ಮಾತನಾಡಿದರು. ಹುಡುಗನೊಬ್ಬನನ್ನು ಮುಖ ತೋರಿಸಬಹುದೇ ಎಂದು ಕೇಳಿದ್ದೂ ಪ್ರಸಾರವಾಯಿತು. ಅವನು ಬೇಡವೆಂದ. ಕ್ಯಾಮೆರಾ ಅವನ ಕಾಲಿನತ್ತ ಇಳಿಯಿತು, ನೀಲಿ ಪಟ್ಟಿಯ ಚಪ್ಪಲಿಯ ಮೇಲೆ ನಿಂತಿತು. ಈ ಒಂದು ಪ್ರಶ್ನೆಯ ಬೆಲೆ ತಿಳಿಯಬೇಕಾದರೆ ಹೈದರಾಬಾದಿನ ಪ್ರಕರಣ ನೆನೆಯಬೇಕು. ಅಲ್ಲಿನ ತೆಲುಗು ಚಾನೆಲೊಂದು ಸಲಿಂಗಿಗಳಿಗೆ ಫೋನ್ ಮಾಡಿ, ಅವರ ಖಾಸಗಿ ಮಾತುಗಳನ್ನು ಅವರಿಗೆ ತಿಳಿಯದಂತೆ ಪ್ರಸಾರ ಮಾಡಿತ್ತು. ಸುದ್ದಿ ಪ್ರಸಾರಕರದೇ ನಿಯಂತ್ರಣ ಸಂಸ್ಥೆ 2011ರಲ್ಲಿ ಒಂದು ಲಕ್ಷ ರೂಪಾಯಿ ದಂಡ ಹಾಕಿ, ಕ್ಷಮೆ ಕೇಳುವಂತೆ ಆದೇಶಿಸಿತು.

ಮರಾಠಿಯವರಿಗೂ ಪೂರ್ತಿ ಅಂಕ ಕೊಡಲಾರೆ. ಮರುವಾರ ಸುಲಿಗೆಯ ಸುದ್ದಿಯೊಂದರಲ್ಲಿ ಆರೋಪಿ ತೃತೀಯಪಂಥೀ ಎಂಬುದನ್ನು ತಲೆಬರಹಕ್ಕೇ ಏರಿಸಿದ್ದರು. ಆರೋಪಿ ಗಂಡಸಾಗಿದ್ದರೆ ‘ಗಂಡಸಿನಿಂದ ಸುಲಿಗೆ’ ಎಂದು ಬರೆಯುತ್ತಿದ್ದರೇ? ಕೆಂಪು ಗೆರೆ ಎಳೆದೆ. ಆದರೂ ಮನೆಯವರಿಗೆ ಒಂದನ್ನು ತೋರಿಸಬೇಕೆಂದರೆ ಮರಾಠಿಯದನ್ನೇ ತೋರಿಸುತ್ತೇನೆ.

ತೋರಿಸಿಯೂ ಆಯಿತು. ಭಾನುವಾರ ತಮ್ಮನ ಹೆಂಡತಿ ಥಾಣೆಯಿಂದ ಬಂದಿದ್ದಳು. ಮೊಬೈಲಿನಲ್ಲಿ ಆ ತುಣುಕು ಹಾಕಿದೆ. ಬಾಡಿಗೆ ಕೋಣೆಯ ಮಾತು ಮುಗಿಯುವವರೆಗೆ ಸುಮ್ಮನಿದ್ದಳು. ಚಪ್ಪಲಿ ಬಂದಾಗ ಮೊಬೈಲನ್ನು ತನ್ನತ್ತ ಎಳೆದುಕೊಂಡಳು.

“ಇನ್ನೊಮ್ಮೆ ಹಾಕಿ, ಭಾವ” ಎಂದಳು.