ಟಾಮ್‌ಕ್ಯಾಟ್ ಲಾಗಿನ್: ಬೀಗ ಗಟ್ಟಿ, ಕೀಲಿ ಚೀಟಿಯಲ್ಲಿ

ಕಲಬುರಗಿಯ ಒಂದು ತೊಗರಿ ದಾಲ್ ಮಿಲ್ಲಿಗೆ ತೂಕದ ಲೆಕ್ಕ ಕಳಿಸುವ ವೆಬ್ ಸರ್ವೀಸ್ ಮಾಡಿಕೊಟ್ಟೆ. ಓಡೋದು ಅಪಾಚೆ ಟಾಮ್‌ಕ್ಯಾಟ್ ಮೇಲೆ, ಅಂದ್ರೆ ಜಾವಾದಲ್ಲಿ ಬರೆದ ವೆಬ್ ಆ್ಯಪ್ ಓಡಿಸೋ ಸರ್ವರ್ ಸಾಫ್ಟ್‌ವೇರ್. ಪುಕ್ಕಟೆ, ಹಗುರ. ಲಾಗಿನ್ ಹಾಕೋಕೆ ಎರಡೇ ಫೈಲು: ಯಾವ ವಿಳಾಸಕ್ಕೆ ಯಾವ ರೋಲ್ (ಬಳಸುವವರಿಗೆ ಕೊಡೋ ಪಾತ್ರ) ಬೇಕು ಅನ್ನೋದು ವೆಬ್ ಡಾಟ್ ಎಕ್ಸ್‌ಎಂಎಲ್‌ನಲ್ಲಿ, ಹೆಸರು, ಪಾಸ್‌ವರ್ಡ್, ರೋಲ್ ಟಾಮ್‌ಕ್ಯಾಟ್ ಯೂಸರ್ಸ್ ಫೈಲಿನಲ್ಲಿ.

ರೋಲ್ ಹೆಸರನ್ನು ಒಂದು ಕಡೆ ದೊಡ್ಡಕ್ಷರದಲ್ಲಿ, ಇನ್ನೊಂದು ಕಡೆ ಸಣ್ಣಕ್ಷರದಲ್ಲಿ ಬರೆದಿದ್ದೆ. ಟಾಮ್‌ಕ್ಯಾಟ್‌ಗೆ ಅವೆರಡೂ ಬೇರೆ ಬೇರೆ, ಹಾಗಾಗಿ ಅರ್ಧ ದಿನ ಬರೀ 403 ಅನ್ನೋ ಎರರ್. 401 ಬಂದರೆ 'ನೀ ಯಾರೋ ಗೊತ್ತಿಲ್ಲ' ಅಂತ. 403 ಅಂದ್ರೆ 'ಗೊತ್ತು, ಆದ್ರೂ ಬಿಡಲ್ಲ' ಅಂತ. ಇದು ತಲೆಗೆ ಹೋಗೋಷ್ಟರಲ್ಲಿ ಮೂರು ಚಹಾ ಮುಗಿದಿತ್ತು.

ಮರುದಿನ ಮುನೀಮರ ಫೋನು. "ಸರ, ಪಾಸ್‌ವರ್ಡ್ ಖರೇನೇ ಹಾಕೀನ್ರಿ, ಒಳಗ ಬಿಡವಲ್ದು!" ಅದಕ್ಕೂ ಮುಂಚೆ ಐದು ಸಲ ತಪ್ಪು ಹಾಕಿದ್ದರು. ಐದು ತಪ್ಪಿಗೆ 300 ಸೆಕೆಂಡು ಬೀಗ, ಇದು ಟಾಮ್‌ಕ್ಯಾಟ್‌ನಲ್ಲಿ ಮೊದಲಿನಿಂದಲೇ ಇರುವ ಲೆಕ್ಕ. ನಡುವೆ ಮತ್ತೆ ತಪ್ಪಿದರೆ ಆ 300 ಸೆಕೆಂಡಿನ ಎಣಿಕೆ ಹೊಸದಾಗಿ ಶುರು. ಹೊರಗೆ ತೊಗರಿ ಲಾರಿ ಸಾಲು ನಿಂತಿದ್ದರೂ ಕಾಯಲೇಬೇಕು. ನನಗಂತೂ ಇದು ಇಷ್ಟ ಆಯ್ತು.

ಬೇಸಿಕ್ ಲಾಗಿನ್ ಒಂದನ್ನೇ ನಂಬಬೇಡಿ. ಅದರಲ್ಲಿ ಪಾಸ್‌ವರ್ಡ್ ಹೋಗೋದು ಬೇಸ್ 64ನಲ್ಲಿ, ಅಂದ್ರೆ ಬೇರೆ ಅಕ್ಷರಗಳಲ್ಲಿ ಬರೆಯೋ ರೀತಿ ಅಷ್ಟೇ, ಯಾರು ಬೇಕಾದರೂ ಬಿಚ್ಚಿ ಓದಬಹುದು. ದಾರಿಯಲ್ಲಿ ಯಾರೂ ಓದದ ಹಾಗೆ ಗುಟ್ಟಾಗಿ ಕಳಿಸೋ ಎಚ್‌ಟಿಟಿಪಿಎಸ್ ಬೇಕೇ ಬೇಕು. ಫೈಲಿನಲ್ಲೂ ಪಾಸ್‌ವರ್ಡನ್ನು ಹಾಗೇ ಇಡದೆ ಹ್ಯಾಶ್ ಮಾಡಿ, ಅಂದ್ರೆ ವಾಪಸ್ ಬಿಚ್ಚೋಕಾಗದ ರೂಪದಲ್ಲಿ ಇಟ್ಟೆ.

ಐದಕ್ಕೆ ನಾಲ್ಕು ಕೊಡ್ತೀನಿ. ಮುನೀಮರು ಈಗ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ತಕ್ಕಡಿ ಪಕ್ಕ ಅಂಟಿಸಿದ್ದಾರೆ. ಅದಕ್ಕೆ ಟಾಮ್‌ಕ್ಯಾಟ್ ತಾನೇ ಏನು ಮಾಡೀತು?