ಹುಷಾರಿಲ್ಲದ ಮೀನಿಗೆ ಕಲ್ಲುಪ್ಪು: ದೊಡ್ಡ ಕೊಳಕ್ಕೆ ಬಿಡೋ ಮುಂಚೆ ಟಬ್ಬಲ್ಲಿ ಬಳಸಿ ನೋಡಿದ್ದು

ರೇಟಿಂಗ್ 5ಕ್ಕೆ 4.5. ಅರ್ಧ ಸ್ಟಾರ್ ಯಾಕೆ ಕಟ್ ಮಾಡಿದೀನಿ ಅಂತ ಆಮೇಲೆ ಹೇಳ್ತೀನಿ.

ಈ ರಿವ್ಯೂ ಟಬ್ಬಲ್ಲಿ ಉಪ್ಪು ಬಳಸೋದಕ್ಕೆ ಮಾತ್ರ, ಕೊಳಕ್ಕೆ ಸುರಿಯೋದಕ್ಕಲ್ಲ. ಒಂದ್ಸಲ ಲೆಕ್ಕ ಹಾಕಿ, ಒಂದು ಎಕರೆ ಕೊಳ, ಒಂದೂವರೆ ಮೀಟರ್ ಆಳ ಅಂದ್ರೆ ಸುಮಾರು 60 ಲಕ್ಷ ಲೀಟರ್ ನೀರು, ಲೀಟರಿಗೆ 3 ಗ್ರಾಂ ಅಂದ್ರೂ 18 ಟನ್ ಉಪ್ಪು ಬೇಕು. ಅದೇ 500 ಲೀಟರ್ ಟಬ್ಬಿಗೆ ಒಂದೂವರೆ ಕೆಜಿ ಸಾಕು. ಉಪ್ಪು ನೀರಿನ ಜೊತೆ ಆವಿಯಾಗಿ ಹೋಗಲ್ಲ, ನೀರು ಬದಲಾಯಿಸಿದ್ರೆ ಮಾತ್ರ ಕಮ್ಮಿಯಾಗೋದು, ಜೊತೆಗೆ ನೀರೊಳಗಿನ ಎಷ್ಟೋ ಗಿಡಗಳು ಅದನ್ನ ತಡ್ಕೊಳ್ಳಲ್ಲ. ಕೊಳಕ್ಕೆ ಕಾಯಿಲೆ ಹರಡಿದ್ಮೇಲೆ ಯಾವ ಮೀನಿಗೆ ಬಂದಿದೆ ಅಂತ ಹಿಡಿದು ನೋಡೋಕೂ ಆಗಲ್ಲ, ಔಷಧಿ ಅಳತೆ ಮಾಡೋಕೂ ಆಗಲ್ಲ. ಏನೇ ಟ್ರೀಟ್‌ಮೆಂಟ್ ಇದ್ರೂ ಬಿಡೋ ಮುಂಚೆನೇ ಮುಗಿಸ್ಬೇಕು, ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಉಪ್ಪು ನನಗೆ ಇಷ್ಟ ಆಗೋಕೆ ಮುಖ್ಯ ಕಾರಣ ಅದು ರೋಗಾಣು ಕೊಲ್ಲೋದಷ್ಟೇ ಅಲ್ಲ, ಮೀನಿಗೆ ಸುಧಾರಿಸ್ಕೊಳ್ಳೋಕೆ ಟೈಮ್ ಕೊಡುತ್ತೆ. ಸಿಹಿನೀರಿನ ಮೀನಿನ ರಕ್ತದಲ್ಲಿ ಹೊರಗಿನ ನೀರಿಗಿಂತ ಲವಣ ಜಾಸ್ತಿ, ಹಾಗಾಗಿ ನೀರು ಒಳಗೆ ನುಗ್ತಾನೇ ಇರುತ್ತೆ, ಮೀನು ಅದನ್ನ ಹೊರಗೆ ಹಾಕ್ತಾನೇ ಇರ್ಬೇಕು. ಗಾಯ ಆಗಿ ಮೈಮೇಲಿನ ಲೋಳೆ ಹೋಗಿದ್ರೆ ಆ ಕೆಲಸ ಇನ್ನೂ ಕಷ್ಟ, ನೀರಲ್ಲಿ ಸ್ವಲ್ಪ ಉಪ್ಪಿದ್ರೆ ಹೊರೆ ಇಳಿಯುತ್ತೆ. ಇನ್ನೊಂದು ಲಾಭ ನೈಟ್ರೈಟ್ (ಮೀನಿನ ಹೊಲಸಿಂದ ನೀರಲ್ಲಿ ಹುಟ್ಟೋ ವಿಷ) ವಿಷಯದಲ್ಲಿ. ಹೊಸ ಟಬ್ಬಿನ ಫಿಲ್ಟರಲ್ಲಿ ಹೊಲಸು ಕರಗಿಸೋ ಬ್ಯಾಕ್ಟೀರಿಯಾ ಇನ್ನೂ ಬೆಳೆದಿರಲ್ಲ, ನೈಟ್ರೈಟ್ ಏರಿ ರಕ್ತ ಕಂದು ಬಣ್ಣಕ್ಕೆ ತಿರುಗುತ್ತೆ, ಉಪ್ಪಿನ ಕ್ಲೋರೈಡ್ ಇದ್ರೆ ನೈಟ್ರೈಟ್ ಕಿವಿರಿನ ಮೂಲಕ ಒಳಗೆ ಹೋಗೋದು ತುಂಬಾ ಕಮ್ಮಿಯಾಗುತ್ತೆ.

ಹಾಕೋ ರೀತಿ ಬಗ್ಗೆ ಸ್ವಲ್ಪ ವಿವರವಾಗಿ ಹೇಳ್ತೀನಿ, ಎಡವೋದು ಇಲ್ಲೇ. ಬೇರೇನೂ ಬೆರೆಸದ ಉಪ್ಪು ತಗೊಳ್ಳಿ, ಬಕೆಟ್ಟಲ್ಲಿ ಟಬ್ಬಿನದೇ ನೀರು ಹಾಕಿ ಪೂರ್ತಿ ಕರಗಿಸಿ, ಲೀಟರಿಗೆ 1 ಗ್ರಾಂ ಅಂತ ಶುರು ಮಾಡಿ 12 ಗಂಟೆ ಬಿಟ್ಟು ಇನ್ನೊಂದು ಗ್ರಾಂ, ಮತ್ತೆ ಇನ್ನೊಂದು, ಹೀಗೆ 3 ಗ್ರಾಂವರೆಗೆ ಹೋಗಿ. ಹರಳು ಹಾಗೇ ಎಸೆದ್ರೆ ತಳದಲ್ಲಿ ಕೂತಿರೋ ಮೀನಿನ ಮೈ ಸುಡುತ್ತೆ. ಜೋರಾದ ಡಿಪ್ (ಗಟ್ಟಿ ಉಪ್ಪು ನೀರಲ್ಲಿ ಸ್ವಲ್ಪ ಹೊತ್ತು ಮಾತ್ರ ಇಡೋದು) ಕೊಡೋದಾದ್ರೆ ಲೀಟರಿಗೆ 30 ಗ್ರಾಂ, ಹೆಚ್ಚಂದ್ರೆ 10 ನಿಮಿಷ, ಏರ್ ಸ್ಟೋನ್ (ನೀರಿಗೆ ಗಾಳಿ ಗುಳ್ಳೆ ಬಿಡೋದು) ಓಡ್ತಾ ಇರ್ಬೇಕು, ನೀವು ಪಕ್ಕದಿಂದ ಕದಲಬಾರದು. ಮೀನು ಮೊದಲು ಗಾಬರಿಯಾಗಿ ಸುತ್ತುತ್ತೆ, ಆಮೇಲೆ ಸುಮ್ನೆ ನಿಲ್ಲುತ್ತೆ, ಒಂದು ಪಕ್ಕಕ್ಕೆ ವಾಲ್ತು ಅಂದ್ರೆ ಗಡಿಯಾರ ನೋಡ್ಬೇಡಿ, ತಕ್ಷಣ ಎತ್ತಿ ಒಳ್ಳೆ ನೀರಿಗೆ ಹಾಕಿ. ಮೈಮೇಲೆ ಹುರುಪೆ (ಚಿಪ್ಪು) ಇಲ್ಲದ ಮೀನುಗಳಿಗೆ ಇಷ್ಟು ಗಟ್ಟಿ ಡಿಪ್ ಬೇಡ. ಅಮೋನಿಯಾ ಹೀರೋಕೆ ಅಂತ ಜಿಯೋಲೈಟ್ ಹಾಕಿದ್ರೆ ಉಪ್ಪು ಹಾಕೋ ಮುಂಚೆ ತೆಗೀರಿ, ಇಲ್ಲಾಂದ್ರೆ ಅದು ಹಿಡ್ಕೊಂಡಿರೋ ಅಮೋನಿಯಾ ಎಲ್ಲಾ ವಾಪಸ್ ನೀರಿಗೆ ಬಿಡುತ್ತೆ.

ಬಿಳಿ ಚುಕ್ಕೆ ರೋಗದಲ್ಲಿ ಉಪ್ಪು ಚೆನ್ನಾಗಿ ಕೆಲಸ ಮಾಡುತ್ತೆ, ಆದ್ರೆ ಅರ್ಧಕ್ಕೆ ನಿಲ್ಲಿಸ್ಬೇಡಿ. ಕಾಣೋ ಚುಕ್ಕೆ ಚರ್ಮದೊಳಗಿನ ಪರಾವಲಂಬಿ, ಅಲ್ಲಿಗೆ ಉಪ್ಪು ತಲುಪಲ್ಲ. ಅದು ಬೆಳೆದು ಉದುರಿ ತಳಕ್ಕೆ ಹೋಗಿ ನೂರಾರಾಗಿ ಒಡೆದು ಮತ್ತೆ ಮೀನು ಹುಡ್ಕೊಂಡು ಈಜುತ್ತಲ್ಲ, ಆ ಹೊತ್ತಲ್ಲಿ ಮಾತ್ರ ಸಾಯೋದು. ಚುಕ್ಕೆ ಮಾಯವಾದ ದಿನ ಮೀನು ಹುಷಾರಾಯ್ತು ಅಂತ ಕೊಳಕ್ಕೆ ಬಿಟ್ರೆ ಅದೇ ಕೆಟ್ಟ ಟೈಮು, ಕಿವಿರಲ್ಲಿ ಇನ್ನೂ ಇರಬಹುದು, ನಮ್ಮ ಕಣ್ಣಿಗೆ ಬೀಳಲ್ಲ. 25 ಡಿಗ್ರಿ ನೀರಲ್ಲಿ ಒಂದು ಸುತ್ತು ವಾರದೊಳಗೆ ಮುಗಿಯುತ್ತೆ, 10 ಡಿಗ್ರಿಯಲ್ಲಿ ತಿಂಗಳಿಗಿಂತ ಜಾಸ್ತಿ ಹಿಡಿಯುತ್ತೆ, ಎಷ್ಟು ದಿನ ಇಡ್ಬೇಕು ಅನ್ನೋದನ್ನ ಥರ್ಮಾಮೀಟರ್ ನೋಡಿ ತೀರ್ಮಾನ ಮಾಡಿ.

ಇನ್ನು ಅರ್ಧ ಸ್ಟಾರ್ ವಿಷಯ. ಕಿವಿರಿಗೆ ಅಂಟಿಕೊಳ್ಳೋ ಫ್ಲೂಕ್ ಅನ್ನೋ ಸಣ್ಣ ಹುಳಕ್ಕೆ ಉಪ್ಪನ್ನ ನಂಬೋಕಾಗಲ್ಲ, ಪ್ರಾಜಿಕ್ವಾಂಟೆಲ್ ಅನ್ನೋ ಹುಳದ ಔಷಧಿ ಬೇಕು, ಅದೂ ಮೊಟ್ಟೆ ಕೊಲ್ಲಲ್ಲ, ಮರಿ ಹೊರಬಂದ ಮೇಲೆ ಎರಡನೇ ಡೋಸ್ ಕೊಡಲೇಬೇಕು. ಮೈಗೆ ಕಚ್ಕೊಳ್ಳೋ ಮೀನು ಹೇನು, ಆಂಕರ್ ಹುಳಕ್ಕೂ ಬೇರೆ ಔಷಧಿನೇ. ಕೊಯ್ (ಬಣ್ಣದ ಕಾರ್ಪ್) ಮೀನಿಗೆ ಬರೋ ಹರ್ಪಿಸ್ ವೈರಸ್‌ಗಂತೂ ಔಷಧಿನೇ ಇಲ್ಲ, ಬದುಕುಳಿದ ಮೀನು ನೋಡೋಕೆ ಚೆನ್ನಾಗಿದ್ರೂ ವೈರಸ್ ಹೊತ್ಕೊಂಡಿರಬಹುದು, ಅಂಥದ್ದನ್ನ ಕೊಳಕ್ಕೆ ಬಿಡೋ ಮಾತೇ ಬೇಡ.

ಕೆಲವರು ಉಪ್ಪಿನ ಬದಲು ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕ್ತಾರೆ. ಒಳ್ಳೇದೇ, ಆದ್ರೆ ಉಪ್ಪಿನಷ್ಟು ಕ್ಷಮಿಸೋ ಸಾಮಾನಲ್ಲ. ಲೀಟರಿಗೆ 2 ಮಿಲಿಗ್ರಾಂ ಅಂದ್ರೆ 500 ಲೀಟರಿಗೆ ಬರೀ 1 ಗ್ರಾಂ, ಕೈ ಅಂದಾಜು ನಡೆಯಲ್ಲ. ಅದು ಹಾಕಿ ಗುಲಾಬಿ ಬಣ್ಣವಾದ ನೀರು ಚಹಾ ಬಣ್ಣಕ್ಕೆ ತಿರುಗಿದ್ರೆ ಅದರ ಶಕ್ತಿ ಮುಗೀತು ಅಂತ, ಕೊಳೆ ಜಾಸ್ತಿ ಇದ್ರೆ ಬೇಗ ತಿರುಗುತ್ತೆ. ಫಾರ್ಮಲಿನ್ (ಪರಾವಲಂಬಿಗೆ ಹಾಕೋ ಇನ್ನೊಂದು ಔಷಧಿ) ಜೊತೆ ಯಾವತ್ತೂ ಸೇರಿಸ್ಬೇಡಿ.

ಇಷ್ಟೆಲ್ಲಾ ಮಾಡೋ ಮುಂಚೆ ಅಮೋನಿಯಾ ಟೆಸ್ಟ್ ಮಾಡಿ ದಯವಿಟ್ಟು, ಮೀನು ಮೇಲೆ ಬಂದು ಬಾಯಿ ಬಿಡ್ತಿದ್ರೆ ಎಷ್ಟೋ ಸಲ ಅದು ರೋಗ ಅಲ್ಲ, ನೀರು ಕೆಟ್ಟಿರೋದು, ಆಗ ನೀರು ಬದಲಾಯಿಸಿ ಗಾಳಿ ಕೊಡೋದೇ ಔಷಧಿ. ನಾನು ಹುಷಾರಾದ ಮೀನನ್ನೂ ಕಮ್ಮಿ ಅಂದ್ರೆ ನಾಲ್ಕು ವಾರ ಟಬ್ಬಲ್ಲೇ ಇಡ್ತೀನಿ, ಕೊನೆ ವಾರ ನೀರು ಬದಲಾಯಿಸ್ತಾ ಬದಲಾಯಿಸ್ತಾ ಉಪ್ಪು ಇಳಿಸ್ತೀನಿ. ಬಿಡುವಾಗ ಮೀನು ಮಾತ್ರ ಕೊಳಕ್ಕೆ ಹೋಗ್ಬೇಕು, ಟಬ್ಬಿನ ನೀರು ಕೊಳದಿಂದ ದೂರ ಚೆಲ್ಲಿ, ಆ ಬಲೆ ಬಕೆಟ್ಟನ್ನ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಟಬ್ಬಿಗೆ ಅಂತಲೇ ಬೇರೆ ಇಟ್ಕೊಳ್ಳಿ.