ಸೋರುವ ಅಕ್ವೇರಿಯಂ: ಹೊರಗಿನ ತೇಪೆಯೋ, ಒಳಗಿನ ಹೊಸ ಸಿಲಿಕೋನೋ?

ಮೂರು ದಾರಿಗಳನ್ನೂ ನನ್ನ ತೊಟ್ಟಿಯ ಮೇಲೆಯೇ ಪರೀಕ್ಷಿಸಿದ್ದೇನೆ: ಹೊರಗಿನಿಂದ ಸಿಲಿಕೋನ್ (ತೊಟ್ಟಿಯ ಸಂದಿ ಮುಚ್ಚುವ ರಬ್ಬರಿನಂಥ ಅಂಟು) ಬಳಿಯುವುದು, ನೀರಿರುವಾಗಲೇ ಎಪಾಕ್ಸಿ (ಎರಡು ಭಾಗ ಬೆರೆಸಿದಾಗ ಗಟ್ಟಿಯಾಗುವ ಅಂಟು) ಮೆತ್ತುವುದು, ತೊಟ್ಟಿ ಬರಿದು ಮಾಡಿ ಒಳಮೂಲೆಗಳ ಹಳೆಯ ಸಿಲಿಕೋನ್ ಕೆರೆದು ಹೊಸದು ಹಾಕುವುದು. ನನ್ನ ಓಟು ಮೂರನೆಯದಕ್ಕೆ. ಉಳಿದೆರಡರ ಆಸೆ ಬಿಡಿಸಲೆಂದೇ ಇದನ್ನು ಬರೆಯುತ್ತಿದ್ದೇನೆ.

ನೀರು ಒತ್ತುವುದು ಹೊರಮುಖವಾಗಿ. ಹೊರಗೆ ಬಳಿದದ್ದನ್ನು ಅದು ತಳ್ಳಿ ಎಬ್ಬಿಸುತ್ತದೆ, ಒಳಗೆ ಬಳಿದದ್ದನ್ನು ಗಾಜಿಗೇ ಅದುಮಿ ಹಿಡಿಯುತ್ತದೆ. ಸಾಲದ್ದಕ್ಕೆ, ಒಸರಿದ ನೀರು ಕೆಳಚೌಕಟ್ಟಿನೊಳಗೆ ಹರಿದು ಬೇರೆ ಮೂಲೆಯಲ್ಲಿ ತೊಟ್ಟಿಕ್ಕುತ್ತದೆ. ತೇಪೆ ಒಂದೆಡೆ, ತೂತು ಇನ್ನೊಂದೆಡೆ.

ಎಪಾಕ್ಸಿ ನೀರಿನಲ್ಲೂ ಗಟ್ಟಿಯಾಗುತ್ತದೆ, ನಿಜ. ಆದರೆ ಗಟ್ಟಿಯಾದ ಮೇಲೆ ಬಳುಕುವುದಿಲ್ಲ, ಹಾಗಾಗಿ ಬಾಳುವುದಿಲ್ಲ. ಒಂದು ರಾತ್ರಿ ದಾಟಿಸಲು ಸಾಕು.

ಮೂರನೆಯ ದಾರಿಯ ಕಿರಿಕಿರಿ ಒಂದೇ: ಕೆರೆಯುವುದು. ಗಟ್ಟಿಯಾದ ಹಳೆಯ ಸಿಲಿಕೋನಿನ ಮೇಲೆ ಹೊಸದು ಸರಿಯಾಗಿ ಕಚ್ಚುವುದಿಲ್ಲ. ಹಾಗಾಗಿ ಸೋರುವ ಮೂಲೆಯನ್ನಷ್ಟೇ ಕೆರೆದರೆ, ಹಳೆಯದೂ ಹೊಸದೂ ಸೇರುವ ಗಂಟಿನಲ್ಲಿ ಮತ್ತೆ ಒಸರುತ್ತದೆ. ಒಳಗಿನ ಎಲ್ಲ ಮೂಲೆಗಳನ್ನೂ ಕೆರೆಯಲೇಬೇಕು.

ದಪ್ಪನೆಯ ಪದರ ಬ್ಲೇಡಿಗೆ ಉದ್ದುದ್ದ ಎಳೆಯಾಗಿ ಕಿತ್ತು ಬರುತ್ತದೆ, ಅದೊಂದು ಖುಷಿಯೇ. ಅದರಡಿ ಗಾಜಿಗಂಟಿ ಉಳಿಯುವ ತೆಳುಪೊರೆ ಕಣ್ಣಿಗೆ ಕಾಣುವುದಿಲ್ಲ. ಉಗುರಿನಿಂದ ಎಳೆದು ನೋಡಬೇಕು: ಬರಿ ಗಾಜಿನ ಮೇಲೆ ಉಗುರು ಜಾರುತ್ತದೆ, ಪೊರೆಯಿದ್ದಲ್ಲಿ ತಡೆಯುತ್ತದೆ. ಆ ಪೊರೆಗೇ ಅರ್ಧ ದಿನ ಹಿಡಿಯುತ್ತದೆ. ಬ್ಲೇಡನ್ನು ಗಾಜಿಗೆ ಒರಗಿಸಿಯೇ ಹಿಡಿಯಬೇಕು. ಎರಡು ಗಾಜುಗಳ ನಡುವಿನ ಸಂದಿಗೆ ಅದರ ತುದಿ ನುಗ್ಗಿದರೆ ತೊಟ್ಟಿಯನ್ನು ಹಿಡಿದು ನಿಲ್ಲಿಸಿರುವ ಅಂಟೇ ಕತ್ತರಿಸಿಹೋಗುತ್ತದೆ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಬೆರಳು ತಾಗಿಸದೆ ಒಣಗಲು ಬಿಡಬೇಕು.

ಬಚ್ಚಲುಮನೆಗೆಂದು ಮಾರುವ ಬೂಷ್ಟು ನಿರೋಧಕ ಸಿಲಿಕೋನ್ ಬೇಡ, ಅದರಲ್ಲಿನ ಶಿಲೀಂಧ್ರನಾಶಕ ಮೀನಿಗೆ ವಿಷ. ಅಕ್ವೇರಿಯಂಗೆ ಆಗುತ್ತದೆ ಎಂದು ಟ್ಯೂಬಿನ ಮೇಲೆ ಬರೆದಿರಬೇಕು. ಹಾಕಿದ ಸಿಲಿಕೋನನ್ನು ಬೆರಳಿನಿಂದ ಒಂದೇ ಎಳೆತಕ್ಕೆ ನಯಗೊಳಿಸಿ, ಅಂಚು ನೇರ ಬರಲೆಂದು ಮುಂಚೆಯೇ ಎರಡೂ ಬದಿಗೆ ಅಂಟಿಸಿದ್ದ ಮಾಸ್ಕಿಂಗ್ ಟೇಪನ್ನು ಮೇಲೆ ಕೆನೆಗಟ್ಟುವ ಮೊದಲೇ ಕಿತ್ತುಬಿಡಿ. ಒಣಗಲು ಟ್ಯೂಬಿನ ಮೇಲೆ 24 ಗಂಟೆ ಎಂದಿದ್ದರೂ ನಾನು ಒಂದು ವಾರ ಬಿಡುತ್ತೇನೆ. ವಿನೆಗರ್‌ನಂಥ ವಾಸನೆ ಇರುವಷ್ಟು ಹೊತ್ತು ನೀರು ತುಂಬಿಸುವ ಮಾತೇ ಇಲ್ಲ. ಅಲ್ಲಿಯವರೆಗೆ ಮೀನುಗಳೂ ಫಿಲ್ಟರಿನ ಸ್ಪಂಜೂ ಹಳೆಯ ನೀರಿನ ಬಕೆಟ್‌ನಲ್ಲಿ, ಏರ್ ಪಂಪ್ ಸಹಿತ. ಸ್ಪಂಜು ಒಣಗಿದರೆ ಅದರಲ್ಲಿರುವ ಉಪಯುಕ್ತ ಬ್ಯಾಕ್ಟೀರಿಯಾ ಸಾಯುತ್ತವೆ.

ನನಗೆ ದುಡ್ಡು ಬಿಚ್ಚುವುದಕ್ಕಿಂತ ಕೂತು ಕೆರೆಯುವುದು ಹಗುರ, ತೊಟ್ಟಿಯೂ ಒಬ್ಬನೇ ಎತ್ತುವಷ್ಟು ಚಿಕ್ಕದು. ಗಾಜೇ ಬಿರುಕು ಬಿಟ್ಟಿದ್ದರೆ, ಅಥವಾ 200 ಲೀಟರಿನ ತೊಟ್ಟಿಯ ಗಾಜುಗಳ ನಡುವಿನ ಸಂದಿಯ ಅಂಟಿನಲ್ಲೇ ಗುಳ್ಳೆಗಳು ಉದ್ದಕ್ಕೂ ಕಾಣುತ್ತಿದ್ದರೆ ನಾನೂ ಬ್ಲೇಡ್ ಹಿಡಿಯುವುದಿಲ್ಲ. 200 ಕಿಲೋ ನೀರನ್ನು ನನ್ನ ಕೈಕೆಲಸಕ್ಕೆ ಒಪ್ಪಿಸಿ ನಿದ್ದೆ ಮಾಡಲಾರೆ. ಹೊಸ ತೊಟ್ಟಿಯನ್ನೇ ತರುತ್ತೇನೆ.